ಸ್ವಂತ ಹೆಸರೋ, ಕಾವ್ಯನಾಮವೋ, ಹೆಸರೇ ಬೇಡವೋ? ನೌಕರಿ ಮಾಡುತ್ತಾ ಬರೆಯುವವರಿಗೆ

ಈ ಮಳೆಗಾಲದಲ್ಲಿ ಮೂವರು ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯ ಮಾಸ್ತರರು. ಕವಿತೆ ಬರೆಯುತ್ತಾರೆ. ಜೊತೆಗೆ ಶಾಲೆಯ ಕಷ್ಟಸುಖದ ಬಗ್ಗೆ ಲೇಖನ ಬರೆಯುವ ಆಸೆ. ಇನ್ನೊಬ್ಬಳು ಹುಬ್ಬಳ್ಳಿಯ ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಹುಡುಗಿ. ಮದುವೆಯ ಮಾತುಕತೆಗಳಲ್ಲಿ ಹೆಣ್ಣುಮಕ್ಕಳು ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಅಂತ ಬರೆಯಬೇಕು ಅವಳಿಗೆ. ಮನೆಯಲ್ಲಿ ಗೊತ್ತಾಗಬಾರದು. ಮೂರನೆಯವನು ಗದಗಿನ ಹುಡುಗ. ಬೇರೆಯವರ ಹೆಸರಿನಲ್ಲಿ ಭಾಷಣ, ಅಭಿನಂದನ ಗ್ರಂಥ, ಆತ್ಮಕಥೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಾನೆ. "ಅಕ್ಕಾರ, ಇದನ್ನ ಬಿಟ್ಟು ನನ್ನ ಹೆಸರಿನ್ಯಾಗ ಬರೀಲೇನ್ರಿ?" ಅಂದ.

ನಾನು ಧಾರವಾಡದಲ್ಲಿ ಕರಡು ತಿದ್ದುವ ಮತ್ತು ಅನುವಾದದ ಕೆಲಸ ಮಾಡುತ್ತೇನೆ. ಸ್ವಂತ ಹೆಸರಿನಲ್ಲಿ ಬರೆದಿದ್ದೇನೆ, ಯಾರಿಗೂ ಗೊತ್ತಿಲ್ಲದ ಹೆಸರಿನಲ್ಲಿ ಬರೆದಿದ್ದೇನೆ, ಹೆಸರೇ ಇಲ್ಲದೆಯೂ ಬರೆದಿದ್ದೇನೆ. ಅದರಲ್ಲಿ ಒಮ್ಮೆ ಮಾಡಿದ ತಪ್ಪು ಇವತ್ತಿಗೂ ನನ್ನ ಜೊತೆಗಿದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಅದಕ್ಕೂ ಮೊದಲು, ಯಾವ ಅಳತೆಗೋಲಿನಿಂದ ಅಳೆಯಬೇಕು ಅನ್ನೋದನ್ನು ನೋಡೋಣ.

ಮೊದಲು ಕೇಳಿಕೊಳ್ಳಬೇಕಾದ್ದು

ದುಡ್ಡು ಮೊದಲು. ಬರಹದಿಂದ ಬರುವ ದುಡ್ಡಿನ ಮೇಲೆ ನಿಮ್ಮ ಮನೆ ನಡೆಯಬೇಕಾ, ಅಥವಾ ಅದು ಮೇಲುಖರ್ಚಿಗೆ ಆದರೆ ಸಾಕಾ?

ಎರಡನೆಯದು ನೌಕರಿ. ನೀವು ಬರೆಯುವುದನ್ನು ನಿಮ್ಮ ಕಚೇರಿ ಒಪ್ಪುತ್ತದಾ? ಇದನ್ನು ಊಹೆ ಮಾಡಬೇಡಿ. ನೇಮಕಾತಿ ಪತ್ರ ತೆಗೆದು ಓದಿ. ಬೇರೆ ಕೆಲಸ ಮಾಡಬಾರದು ಅನ್ನುವ ಸಾಲು ಎಷ್ಟೋ ಪತ್ರಗಳಲ್ಲಿ ಕೊನೆಯ ಪುಟದಲ್ಲಿರುತ್ತದೆ.

ಮೂರನೆಯದು ಮನೆ. ನೀವು ಬರೆದದ್ದಕ್ಕೆ ಬೈಗುಳ ಬಂದರೆ ಅದು ಯಾರ ಬಾಗಿಲಿಗೆ ಬರುತ್ತದೆ? ಅತ್ತೆ ಮಾವ, ತಂಗಿಯ ಮದುವೆ, ಮಗುವಿನ ಶಾಲೆ ಎಲ್ಲಾ ಲೆಕ್ಕಕ್ಕೆ ಬರುತ್ತವೆ. ಇವನ್ನು ಲೆಕ್ಕ ಹಾಕುವುದು ಅಂಜುಬುರುಕತನ ಅಲ್ಲ.

ನಾಲ್ಕನೆಯದು ಗಳಿಕೆ. ಐದು ವರ್ಷ ಬರೆದ ಮೇಲೆ ಇನ್ನೊಂದು ಕೆಲಸ ಕೇಳಲು ಹೋದಾಗ "ಇದು ನಾನು ಬರೆದದ್ದು" ಅಂತ ತೋರಿಸಲು ಆಗಬೇಕಾ?

ಐದನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ನೀವು ತಪ್ಪು ಬರೆದರೆ ಆ ತಪ್ಪು ನಿಮ್ಮ ಹತ್ತಿರ ವಾಪಸ್ ಬರಲು ದಾರಿ ಇದೆಯಾ? ಬರೆಯುವವರೆಲ್ಲ ತಪ್ಪು ಮಾಡುತ್ತಾರೆ. ಯಾರಾದರೂ ಹಿಡಿದು ಹೇಳಿದರೆ ತಾನೇ ತಿದ್ದಿಕೊಳ್ಳುವುದು? ನೀವು ಇಟ್ಟುಕೊಳ್ಳುವ ಹೆಸರು ಆ ದಾರಿಯನ್ನು ತೆರೆಯಲೂಬಹುದು, ಮುಚ್ಚಲೂಬಹುದು.

ಸ್ವಂತ ಹೆಸರು

ಇದು ಎಲ್ಲಕ್ಕಿಂತ ಸರಳ. ಚೆಕ್ಕು ನಿಮ್ಮ ಹೆಸರಿಗೆ, ಪ್ಯಾನ್ ಕಾರ್ಡಿನ ಹೆಸರಿಗೆ ಬರುತ್ತದೆ. ಗೊಂದಲ ಇಲ್ಲ. ಬರೆದ ಒಂದೊಂದು ಪುಟವೂ ನಿಮ್ಮ ಖಾತೆಗೆ ಸೇರುತ್ತದೆ. ತಪ್ಪಾದರೆ ಮರುದಿನವೇ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಸಿಕ್ಕು, "ಏನ್ರೀ, ಹಿಂಗ್ ಬರದೀರಲ್ಲ" ಅಂತಾರೆ. ಮುಖ ಬಿಸಿಯಾಗುತ್ತದೆ. ಆದರೆ ಅಲ್ಲೇ ತಿದ್ದಿಕೊಳ್ಳುತ್ತೀರಿ.

ಗದಗ ತಾಲೂಕಿನ ಹೊಂಬಳದಲ್ಲಿ 1928ರಲ್ಲಿ ಹುಟ್ಟಿದ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ, ಅಂದರೆ ಅದರ ಪುಸ್ತಕ ಪ್ರಕಟಿಸುವ ವಿಭಾಗದಲ್ಲಿ, ಕೆಲಸ ಮಾಡುತ್ತಲೇ ಕವಿಯಾದರು. ಕಡತದ ಮೇಲೂ ಕವಿತೆಯ ಕೆಳಗೂ ಒಂದೇ ಹೆಸರು. ನೌಕರಿಯೂ ಬರಹವೂ ಒಂದೇ ದಿಕ್ಕಿಗೆ ಹರಿಯುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ.

ಎರಡೂ ಬೇರೆ ದಿಕ್ಕಿಗೆ ಎಳೆದಾಗ ತೊಡಕು ಶುರುವಾಗುತ್ತದೆ. ಹೊಸಬರಿಗೆ ಇನ್ನೊಂದು ತೊಂದರೆಯೂ ಇದೆ. ಮೊದಲ ಹತ್ತು ಬರಹ ಹಸಿಯಾಗಿರುತ್ತವೆ. ಅವೂ ಜೀವನಪೂರ್ತಿ ನಿಮ್ಮ ಹೆಸರಿನಲ್ಲೇ ಉಳಿಯುತ್ತವೆ. ಈ ಹೆದರಿಕೆಗೇ ಎಷ್ಟೋ ಜನ ಬರೆಯುವುದೇ ಇಲ್ಲ. ಅದು ನನಗೆ ತುಂಬಾ ಬೇಜಾರಿನ ವಿಷಯ.

ಎಲ್ಲರಿಗೂ ಗೊತ್ತಿರುವ ಕಾವ್ಯನಾಮ

ನಮ್ಮ ಕಡೆಯ ಹಳೆಯ ಪದ್ಧತಿ ಇದು. ಬಾಡದ ಕನಕದಾಸರು ಕಾಗಿನೆಲೆ ಆದಿಕೇಶವನ ಅಂಕಿತ ಹಾಕಿದರು. ಶಿಶುನಾಳದ ಶರೀಫರ ಪದಗಳು 'ಶಿಶುನಾಳಧೀಶ'ನ ಹೆಸರಿಗೆ ಬಂದು ನಿಲ್ಲುತ್ತವೆ. ಹಾಡು ಮುಗಿಯುವ ಹೊತ್ತಿಗೆ ಯಾರದು ಅಂತ ಕೇಳಿದವರಿಗೆ ತಿಳಿಯಬೇಕು. ಅಂಕಿತ ಇದ್ದದ್ದೇ ಅದಕ್ಕೆ.

ಆಮೇಲೆ ಬಂದವರನ್ನು ನೋಡಿ. ಬೇಂದ್ರೆಯವರು 'ಅಂಬಿಕಾತನಯದತ್ತ' ಆದರು. ಅಂದರೆ ಅಂಬಿಕೆಯ ಮಗ ದತ್ತ. ತಾಯಿಯ ಹೆಸರು, ತಮ್ಮ ಹೆಸರು ಎರಡೂ ಅದರಲ್ಲೇ ಇವೆ. ಬಚ್ಚಿಟ್ಟುಕೊಳ್ಳುವವರು ಇಂಥ ಹೆಸರು ಇಟ್ಟುಕೊಳ್ಳುತ್ತಾರಾ? ಸವಣೂರಿನ ವಿ.ಕೃ. ಗೋಕಾಕರು 'ವಿನಾಯಕ'. ಹೊಳೆಆಲೂರಿನ ರಂ.ಶ್ರೀ. ಮುಗಳಿಯವರು 'ರಸಿಕರಂಗ'. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯನ್ನು ಬೆಳೆಸಿದ ಜಿ.ಬಿ. ಜೋಶಿಯವರು ನಾಟಕ ಬರೆಯುವಾಗ 'ಜಡಭರತ'. ಹುಬ್ಬಳ್ಳಿಯಲ್ಲಿ 'ಕಸ್ತೂರಿ' ಮಾಸಪತ್ರಿಕೆಯ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರು ಹಾಸ್ಯ ಬರೆಯುವಾಗ 'ಲಾಂಗೂಲಾಚಾರ್ಯ'.

ಇವರ್ಯಾರೂ ಅಡಗಿಕೊಳ್ಳಲು ಆ ಹೆಸರು ಇಟ್ಟುಕೊಂಡವರಲ್ಲ. ಇನ್ನೊಂದು ದನಿಯಲ್ಲಿ ಮಾತಾಡಲು ಇಟ್ಟುಕೊಂಡರು. ಪ್ರಕಾಶಕ ಜೋಶಿಯವರು ಒಬ್ಬರು, ಜಡಭರತ ಇನ್ನೊಬ್ಬ. ಸಂಪಾದಕರಾಗಿ ತೂಕದ ಲೇಖನ ಬರೆಯುವ ಆಚಾರ್ಯರು ಒಬ್ಬರು, ನಗಿಸುವ ಲಾಂಗೂಲಾಚಾರ್ಯ ಇನ್ನೊಬ್ಬ. ಓದುಗರಿಗೆ ಇಬ್ಬರೂ ಗೊತ್ತು. ಪತ್ರ ಬರೆಯಬೇಕೆಂದರೆ ವಿಳಾಸವೂ ಗೊತ್ತು.

ನೀವು ಕಚೇರಿಯಲ್ಲಿ ಒಂಥರಾ, ಬರಹದಲ್ಲಿ ಇನ್ನೊಂಥರಾ ಇರಬೇಕು ಅನ್ನಿಸಿದರೆ ಇದು ಬಹಳ ಒಳ್ಳೆಯ ಆಯ್ಕೆ. ಪ್ರಯೋಗ ಮಾಡಲು ಸ್ವಲ್ಪ ಸಲಿಗೆ ಸಿಗುತ್ತದೆ. ತಪ್ಪೂ ಮನೆಗೆ ಬಂದು ಮುಟ್ಟುತ್ತದೆ. ಗಳಿಕೆಯೂ ಕೈತಪ್ಪುವುದಿಲ್ಲ.

ಆದರೆ ಇದನ್ನು ಕವಚ ಅಂದುಕೊಳ್ಳಬೇಡಿ. 'ನರಬಲಿ' ಕವಿತೆ ಬರೆದದ್ದಕ್ಕೆ 1930ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಹಿಡಿದು ಜೈಲಿಗೆ ಹಾಕಿದ್ದು ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರನ್ನು. ಆಮೇಲೆ ಅವರನ್ನು ಧಾರವಾಡದ ಹತ್ತಿರದ ಮುಗದದಲ್ಲಿ ಇರಿಸಿದರು. ಅಂಬಿಕಾತನಯದತ್ತನನ್ನು ಹುಡುಕಲು ಪೊಲೀಸರಿಗೆ ಕಷ್ಟವೇನೂ ಆಗಿರಲಿಲ್ಲ.

ಸರ್ಕಾರಿ ನೌಕರರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಇದರ ಬಗ್ಗೆ ನೇರವಾದ ಮಾತಿದೆ. ಸರ್ಕಾರದ ನೀತಿಯನ್ನು ಟೀಕಿಸುವ ಬರಹವನ್ನು ಸ್ವಂತ ಹೆಸರಿನಲ್ಲಾಗಲಿ, ಹೆಸರಿಲ್ಲದೆಯಾಗಲಿ, ಗುಪ್ತನಾಮದಲ್ಲಾಗಲಿ, ಬೇರೆಯವರ ಹೆಸರಿನಲ್ಲಾಗಲಿ ಪ್ರಕಟಿಸುವಂತಿಲ್ಲ. ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರು ಬಹಳ ಜನ ಇದ್ದೀರಿ. ನಿಮಗೆ 1966ರ ರೈಲ್ವೆ ನಡತೆ ನಿಯಮಗಳಿವೆ, ಅವೂ ಇದೇ ಹಾದಿಯವು. ಅದೇ ಕೇಂದ್ರದ ನಿಯಮದಲ್ಲಿ ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಮೊದಲೇ ಅನುಮತಿ ಬೇಕಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಬೇರೆ ನಡತೆ ನಿಯಮಗಳಿವೆ. ಅವನ್ನು ತರಿಸಿಕೊಂಡು ಓದಿ. ಹೆಸರು ಬದಲಾಯಿಸಿದರೆ ನಿಯಮ ತಪ್ಪಿಸಿಕೊಳ್ಳಬಹುದು ಅನ್ನುವುದು ನಾನು ಅತಿ ಹೆಚ್ಚು ಕೇಳಿರುವ ತಪ್ಪು ತಿಳುವಳಿಕೆ.

ಯಾರಿಗೂ ಗೊತ್ತಿಲ್ಲದ ಗುಪ್ತನಾಮ

ಇದರ ಬಗ್ಗೆ ನಾನು ಜಾಸ್ತಿ ಮಾತಾಡಬೇಕು.

ಮೊದಲು ಇದರ ಒಳ್ಳೆಯದನ್ನು ಹೇಳುತ್ತೇನೆ. ಹೆಸರು ಮುಚ್ಚಿದರೆ ಮಾತ್ರ ಹೊರಬರುವ ಸತ್ಯಗಳಿವೆ. ಮನೆಯೊಳಗಿನ ಹೊಡೆತ, ಕಚೇರಿಯ ಕಿರುಕುಳ, ಜಾತಿಯ ಅವಮಾನ, ಮನಸ್ಸಿನ ಕಾಯಿಲೆ. ಇಂಥವನ್ನು ಸ್ವಂತ ಹೆಸರಿನಲ್ಲೇ ಬರೆಯಿರಿ ಅಂತ ಹೊರಗೆ ನಿಂತವರು ಹೇಳುವುದು ಸುಲಭ. ನಾನು ಹೇಳುವುದಿಲ್ಲ.

ಈಗ ನನ್ನ ಕಥೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದೆ. ಹೊರಗೆ ಬರೆಯುವಂತಿರಲಿಲ್ಲ. ಸಂಬಳ ಸಾಲುತ್ತಿರಲಿಲ್ಲ. ಒಂದು ಸಣ್ಣ ವಾರಪತ್ರಿಕೆಗೆ ಗುಪ್ತನಾಮದಲ್ಲಿ ನೌಕರಿ ಮಾಹಿತಿಯ ಅಂಕಣ ಬರೆಯಲು ಒಪ್ಪಿಕೊಂಡೆ. ಅಧಿಸೂಚನೆ ಓದಿ, ಯಾವ ಹುದ್ದೆ, ಎಷ್ಟು ವಯಸ್ಸು, ಕೊನೆಯ ದಿನ ಯಾವುದು ಅಂತ ಸರಳವಾಗಿ ಬರೆಯುವ ಕೆಲಸ. ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ನಾನು ಯಾರು ಅಂತ ಗೊತ್ತಿದ್ದದ್ದು ಸಂಪಾದಕರಿಗೆ ಮಾತ್ರ. ಅವರು ಕೆಲಸ ಬಿಟ್ಟು ಹೋದರು. ನಾನು ಅಂಕಣವನ್ನು ಒಂದು ಲಕೋಟೆಯಲ್ಲಿ ಹಾಕಿ ಕಚೇರಿಯ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದೆ.

ಒಂದು ವಾರ, ದಣಿದು ಬಂದ ರಾತ್ರಿ, ವಯೋಮಿತಿಯ ಕೋಷ್ಟಕದ ಮೊದಲ ಸಾಲು ಮಾತ್ರ ನೋಡಿದೆ. ಎಲ್ಲರಿಗೂ 35 ಅಂತ ಬರೆದೆ. ಅದು ಸಾಮಾನ್ಯ ವರ್ಗಕ್ಕೆ. ಕೆಳಗಿನ ಸಾಲಿನಲ್ಲಿ ಪ್ರವರ್ಗ 2ಎಗೆ 38 ಅಂತ ಇತ್ತು.

ಹಿರೇಕೆರೂರು ತಾಲೂಕಿನ ಒಬ್ಬರು ಅದನ್ನು ಓದಿದರು. ವಯಸ್ಸು 36. ಪತ್ರಿಕೆಗೆ ಇನ್‌ಲ್ಯಾಂಡ್ ಪತ್ರ ಬರೆದರು. "ಅಕ್ಕಾರ, ನಂದು 2ಎ. ನನ್ನ ಗೆಳೆಯಾ 38 ಅಂತಾನ. ನೀವು 35 ಅಂತ ಬರದೀರಿ. ಯಾವುದು ಖರೆ ತಿಳಸ್ರಿ. ನಾ ಅರ್ಜಿ ಹಾಕಬೇಕೋ ಬ್ಯಾಡೋ?" ಆ ಪತ್ರ ಕಚೇರಿಗೆ ಬಂದು ಮುಟ್ಟಿದಾಗ ಕೊನೆಯ ದಿನಕ್ಕೆ ಇನ್ನೂ 12 ದಿನ ಬಾಕಿ ಇತ್ತು.

ಅದನ್ನು ಯಾರಿಗೆ ಕೊಡಬೇಕು ಅಂತ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಳೆಯ ಸಂಚಿಕೆಗಳ ಕಟ್ಟಿನ ಮೇಲೆ ಬಿದ್ದಿತ್ತು. ಮೂರು ತಿಂಗಳ ಮೇಲೆ ನನ್ನ ಕೈಗೆ ಬಂತು. ಸ್ವಂತ ಹೆಸರು ಹಾಕಿ ಅವರಿಗೆ ಕ್ಷಮೆ ಕೇಳಿ ಬರೆದೆ. ಅವರು ಒಂದು ಕಾರ್ಡು ಹಾಕಿದರು. ಅರ್ಜಿ ಹಾಕಿರಲಿಲ್ಲ. ಅಚ್ಚಾದದ್ದನ್ನು ನಂಬಿ ಕೂತಿದ್ದರು. ಆ ಹುದ್ದೆಗೆ ಮತ್ತೆ ಕರೆದಾಗ ಅವರಿಗೆ 38 ದಾಟಿತ್ತು.

ಸಾಲು ತಪ್ಪಿ ಓದಿದ್ದು ದಣಿವಿನ ತಪ್ಪು. ಯಾರಿಗಾದರೂ ಆಗಬಹುದು. ಪತ್ರ ಬಂದರೂ ನನ್ನನ್ನು ಮುಟ್ಟಲಾಗದ ಹಾಗೆ ಹೆಸರು ಕಟ್ಟಿಕೊಂಡದ್ದು ಮಾತ್ರ ನಾನೇ ಆರಿಸಿಕೊಂಡ ತಪ್ಪು. 12 ದಿನದಲ್ಲಿ ತಿದ್ದಬಹುದಾಗಿದ್ದು ಯಾವತ್ತೂ ತಿದ್ದಲಾಗದ್ದಾಯಿತು. ಅವತ್ತಿನಿಂದ ನಾನು ಯಾವ ಕೋಷ್ಟಕವನ್ನೂ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದದೆ ಬಿಡುವುದಿಲ್ಲ.

ಹಾಗಾಗಿ ಗುಪ್ತನಾಮ ಬೇಕು ಅನ್ನುವವರಿಗೆ ನನ್ನದು ಇಷ್ಟು ಕೋರಿಕೆ. ನಂಬಿಕೆಯ ಒಬ್ಬರಿಗಾದರೂ, ಸಾಧ್ಯವಾದರೆ ಇಬ್ಬರಿಗೆ, ಈ ಹೆಸರು ನಿಮ್ಮದು ಅಂತ ಗೊತ್ತಿರಲಿ. ಅವರಲ್ಲಿ ಒಬ್ಬರು ಪ್ರಕಟಿಸುವ ಜಾಗದಲ್ಲಿರಲಿ. ಆ ಹೆಸರಿಗೇ ಒಂದು ಬೇರೆ ಇಮೇಲ್ ಇರಲಿ. ಬರಹದ ಕೆಳಗೆ ಅದನ್ನು ಹಾಕಿ, ವಾರಕ್ಕೆ ಎರಡು ಸಲ ತೆರೆದು ನೋಡಿ. ಬೈಗುಳವೂ ಬರುತ್ತದೆ, ತಿದ್ದುಪಡಿಯೂ ಬರುತ್ತದೆ. ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಕಳೆದುಕೊಳ್ಳಬೇಡಿ.

ಜೀವ, ದುಡ್ಡು, ನೌಕರಿ, ಆರೋಗ್ಯದ ವಿಷಯದಲ್ಲಿ ಬೇರೆಯವರಿಗೆ ಸಲಹೆ ಕೊಡುವ ಬರಹವಾದರೆ ಗುಪ್ತನಾಮ ಬೇಡವೇ ಬೇಡ. ನಿಮ್ಮ ಅನುಭವ ಹೇಳಲು ಹೆಸರು ಮುಚ್ಚಿ. ಇನ್ನೊಬ್ಬರ ಕೈ ಹಿಡಿದು ದಾರಿ ತೋರಿಸಲು ಹೊರಟಾಗ ಮುಖ ಕಾಣಲಿ. ಹಾಗೆಯೇ ಗಂಡಸರು ಹೆಂಗಸಿನ ಹೆಸರು ಇಟ್ಟುಕೊಂಡು "ನಾವು ಹೆಂಗಸರು" ಅಂತ ಬರೆಯುವುದು, ಅನುಭವಿಸದ ಜಾತಿಯ ನೋವನ್ನು ತನ್ನದು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅದು ಓದುಗರಿಗೆ ಮಾಡುವ ಮೋಸ.

ಕಾನೂನಿನ ಎರಡು ಮಾತು. ಮಾನಹಾನಿಯ ದೂರು ಬಂದರೆ ಗುಪ್ತನಾಮ ನಿಮ್ಮನ್ನು ಉಳಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬರೆದವರನ್ನು ನೋಡುತ್ತದೆ, ಇಟ್ಟುಕೊಂಡ ಹೆಸರನ್ನಲ್ಲ. ಇನ್ನು ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತ ಹೆಸರಿನಲ್ಲಿ ಪ್ರಕಟವಾದ ಬರಹದ ಹಕ್ಕು ಬರೆದವರು ತೀರಿದ ಮೇಲೂ 60 ವರ್ಷ ಇರುತ್ತದೆ. ಗುಪ್ತನಾಮದ ಬರಹಕ್ಕೆ ಪ್ರಕಟವಾದಾಗಿನಿಂದ 60 ವರ್ಷ ಮಾತ್ರ. ಆ ಅವಧಿ ಮುಗಿಯುವ ಮೊದಲು ನೀವು ಯಾರು ಅಂತ ಬಹಿರಂಗವಾದರೆ ಲೆಕ್ಕ ಮತ್ತೆ ನಿಮ್ಮ ಆಯಸ್ಸಿಗೆ ಸೇರುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ಬರೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ದುಡ್ಡು ಹೇಗೆ ಪಡೆಯುವುದು ಅಂತ ಎಲ್ಲರೂ ಕೇಳುತ್ತಾರೆ. ಗುಪ್ತನಾಮಕ್ಕೆ ಚೆಕ್ಕು ಬರೆಸಿಕೊಳ್ಳಬೇಡಿ, ಬ್ಯಾಂಕಿನಲ್ಲಿ ದಾಟುವುದಿಲ್ಲ. ಒಪ್ಪಂದ ನಿಮ್ಮ ನಿಜವಾದ ಹೆಸರಿನಲ್ಲಿರಲಿ, ಇಂಥ ಹೆಸರಿನಲ್ಲಿ ಪ್ರಕಟವಾಗಬೇಕು ಅಂತ ಅದರಲ್ಲೇ ಒಂದು ಸಾಲು ಬರೆಸಿ. ಆದಾಯ ತೆರಿಗೆಗೆ ನೀವು ಒಬ್ಬರೇ. ಎರಡು ಹೆಸರಿದ್ದರೂ ಪ್ಯಾನ್ ಒಂದೇ.

ಹೆಸರೇ ಇಲ್ಲದ ಬರಹ

ಬೇರೆಯವರ ಹೆಸರಿನಲ್ಲಿ ಬರೆದುಕೊಡುವ ಕೆಲಸ. ದುಡ್ಡು ಕೈಗೆ ಬೇಗ ಸಿಗುವುದು ಇದರಲ್ಲೇ. ಕವನ ಸಂಕಲನಕ್ಕೆ ವರ್ಷಗಟ್ಟಲೆ ಕಾಯುವವರು ಒಂದು ಅಭಿನಂದನ ಗ್ರಂಥ ಬರೆದುಕೊಟ್ಟರೆ ಮುಂದಿನ ತಿಂಗಳ ಬಾಡಿಗೆ ಕಟ್ಟಬಹುದು. ಕೈ ಪಳಗುವುದಕ್ಕೂ ಒಳ್ಳೆಯದು. ನಾನು ವಾಕ್ಯ ಕಟ್ಟಲು ಕಲಿತದ್ದು ಬೇರೆಯವರ ಭಾಷಣ ಬರೆದೇ.

ಆದರೆ ನಿಮ್ಮ ತಪ್ಪಿಗೆ ಬೈಸಿಕೊಳ್ಳುವವರು ಬೇರೆ, ನಿಮ್ಮ ಒಳ್ಳೆಯ ಸಾಲಿಗೆ ಚಪ್ಪಾಳೆ ತೆಗೆದುಕೊಳ್ಳುವವರೂ ಬೇರೆ. ಎರಡೂ ನಿಮ್ಮನ್ನು ಮುಟ್ಟುವುದಿಲ್ಲ. ಮೂರ್ನಾಲ್ಕು ವರ್ಷ ಕಳೆದರೆ ಬರಹ ನಿಂತಲ್ಲೇ ನಿಲ್ಲುತ್ತದೆ. ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಇದನ್ನೇ ಮಾಡುವುದಾದರೆ ಬಾಯಿಮಾತಿನ ಒಪ್ಪಂದ ಬೇಡ. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಆಗಬೇಕು ಅನ್ನುತ್ತದೆ ಕಾಯ್ದೆ. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಅರ್ಧ ದುಡ್ಡು ಮೊದಲೇ ತೆಗೆದುಕೊಳ್ಳಿ. ಎಷ್ಟು ಸಲ ತಿದ್ದಿಕೊಡಬೇಕು ಅನ್ನುವುದನ್ನೂ ಬರೆದಿಡಿ. ಇಲ್ಲದಿದ್ದರೆ ಜೀವನಚರಿತ್ರೆಯವರ ಇಡೀ ಬೀಗರ ಬಳಗ ತಿದ್ದಲು ಕೂರುತ್ತದೆ.

ನೌಕರಿ ಬಿಡಬೇಕಾ?

ಇದು ಹೆಸರಿನ ಪ್ರಶ್ನೆಯಲ್ಲ, ಆದರೆ ಅದರ ಬೆನ್ನಿಗೇ ಬರುತ್ತದೆ. ಹಾವೇರಿ ಸೀಮೆಯ ಗಳಗನಾಥರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಮಾಸ್ತರರಾಗಿದ್ದವರು ಕಾದಂಬರಿ ಬರೆದು, ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಜನರನ್ನು ಮನೆಮನೆಗೆ ಹೋಗಿ ಹುಟ್ಟುಹಾಕಿದವರು ಅವರು. ನನಗೆ ಅವರ ಬಗ್ಗೆ ಇರುವ ಗೌರವ ದೊಡ್ಡದು. ಹಾಗಂತ ಎಲ್ಲರೂ ಅದನ್ನೇ ಮಾಡಿ ಅಂತ ನಾನು ಹೇಳಲಾರೆ.

ಲೆಕ್ಕ ಹಾಕಿ. ತಿಂಗಳಿಗೆ ಮನೆಖರ್ಚು 18,000 ರೂಪಾಯಿ ಅಂದರೆ ವರ್ಷಕ್ಕೆ 2,16,000. ಅಷ್ಟು ಬ್ಯಾಂಕಿನಲ್ಲಿದ್ದು, ದುಡ್ಡು ಕೊಡುವ ಕೆಲಸ ಕನಿಷ್ಠ ಎರಡು ಕಡೆಯಿಂದ ಬರುತ್ತಿದ್ದರೆ ಯೋಚಿಸಿ. ಒಂದೇ ಕಡೆಯಿಂದ ಬರುತ್ತಿದ್ದರೆ ಅದು ಇನ್ನೊಂದು ನೌಕರಿ, ಅದೂ ಭವಿಷ್ಯನಿಧಿ ಇಲ್ಲದ ನೌಕರಿ. ಮನೆಯಲ್ಲಿ ಸಾಲದ ಕಂತಿದ್ದರೆ ಬಿಡಲೇಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಬರೆಯಿರಿ. ನಾನು ಆರು ವರ್ಷ ಹಾಗೇ ಬರೆದೆ.

ಮೂವರಿಗೆ ಹೇಳಿದ್ದು

ಗದಗಿನ ಹುಡುಗನಿಗೆ, ಈಗಿನ ಕೆಲಸ ಬಿಡಬೇಡ ಅಂದೆ. ಅವನ ತಂದೆಗೆ ವಯಸ್ಸಾಗಿದೆ. ಆದರೆ ನಾಲ್ಕು ಪುಟ ಬೇರೆಯವರಿಗೆ ಬರೆದರೆ ಒಂದು ಪುಟ ತನ್ನ ಹೆಸರಿಗೆ ಬರೆಯಲಿ. ಗದಗು ಬೆಟಗೇರಿಯ ನೇಕಾರರ ಬಗ್ಗೆ ಅವನಿಗೆ ಗೊತ್ತಿರುವಷ್ಟು ನನಗೆ ಗೊತ್ತಿರುವ ಯಾರಿಗೂ ಗೊತ್ತಿಲ್ಲ. ಸ್ವಂತ ಹೆಸರು, ಊರಿನ ಹೆಸರು ಎರಡೂ ಹಾಕಿಯೇ ಬರೆಯಲಿ. ತಪ್ಪಿದ್ದರೆ ಮಗ್ಗದ ಮುಂದೆ ಕೂತ ಅಜ್ಜನೇ ಹಿಡಿದು ಹೇಳುತ್ತಾನೆ.

ಮಾಸ್ತರರಿಗೆ ಎರಡನ್ನೂ ಬೇರೆ ಮಾಡಿ ಅಂದೆ. ಕವಿತೆಗೆ ಎಲ್ಲರಿಗೂ ಗೊತ್ತಿರುವ ಕಾವ್ಯನಾಮ, ಅವರಿಗೆ ಅದು ಇಷ್ಟ. ಶಾಲೆಯ ಲೇಖನಕ್ಕೆ ಮೊದಲು ಮೇಲಧಿಕಾರಿಗೆ ಒಂದು ಅರ್ಜಿ, ಜೊತೆಗೆ ಲೇಖನದ ಎರಡು ಮಾದರಿ. ಬರವಣಿಗೆಯಲ್ಲೇ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಅನುಮತಿ ಬರುವ ತನಕ ಮಕ್ಕಳು ಹೇಳಿದ ಕಥೆಗಳನ್ನು ಬರೆದಿಟ್ಟುಕೊಳ್ಳಿ ಅಂದೆ. "ಅವು ನನ್ನ ಹತ್ರ ಎರಡ ಪಟ್ಟಿ ತುಂಬ ಅದಾವ್ರಿ" ಅಂದರು.

ಹುಬ್ಬಳ್ಳಿಯ ಹುಡುಗಿಗೆ ಗುಪ್ತನಾಮವೇ ಸರಿ. ಅವಳು ಬರೆಯುವುದು ತನ್ನ ಅನುಭವ. ತಂಗಿಯ ಮದುವೆ ಇನ್ನೂ ಆಗಬೇಕು. ಆದರೆ ಒಬ್ಬರಿಗಾದರೂ ಗೊತ್ತಿರಬೇಕು ಅಂದೆ. ಯಾರಿಗೆ ಅಂತ ಅವಳು ಎರಡು ವಾರ ಯೋಚಿಸಿದಳು. ಹೋದ ಭಾನುವಾರ ಫೋನ್ ಮಾಡಿದ್ದಳು. ಸೋದರತ್ತೆಯ ಮಗಳು, ಹಾವೇರಿಯಲ್ಲಿರುತ್ತಾಳೆ, ಅವಳಿಗೆ ಹೇಳಿದ್ದಾಳಂತೆ. ಇಮೇಲ್ ಮಾಡಲು ಕೂತಿದ್ದಾಳೆ. ಹೆಸರು ಇನ್ನೂ ಸಿಕ್ಕಿಲ್ಲ, ಅಜ್ಜಿಯ ಊರಿನ ಕಡೆಯಿಂದ ಹುಡುಕುತ್ತಿದ್ದಾಳೆ.